ಹಿನ್ನೆಲೆಗೆ ಕಿವಿಗೊಡುವ ಕ್ಲಾಸು

ಇವತ್ತಿನ ಮಾತು ಕಾಲೇಜಿಗೆ ಹೊರಟಿರುವ, ಈಗಾಗಲೇ ಕಾಲೇಜಿನಲ್ಲಿರುವ ನಿಮ್ಮಂಥವರಿಗೆ.

ಕೋರ್ಸುಗಳ ಪಟ್ಟಿಯಲ್ಲಿ 'ಆಂಬಿಯೆಂಟ್ ಮತ್ತು ಡಿಜಿಟಲ್ ಆರ್ಟ್ ಸ್ಟುಡಿಯೋ' ಅಂತ ಒಂದು ಹೆಸರು ನಿಮ್ಮ ಕಣ್ಣಿಗೆ ಬಿತ್ತು ಎಂದುಕೊಳ್ಳಿ. ಮನೆಯಲ್ಲಿ ಹೇಳಿದರೆ ಬರುವ ಮೊದಲ ಪ್ರಶ್ನೆ ನಿಮಗೆ ಗೊತ್ತೇ ಇದೆ: "ಅದನ್ನ ಓದಿ ಏನು ಮಾಡ್ತೀಯಾ?" ಫೀಸು ಕಟ್ಟುವವರು ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಕೊಡಬೇಕಾದರೆ, ಆ ಕ್ಲಾಸಿನಲ್ಲಿ ಏನು ನಡೆಯುತ್ತದೆ ಅಂತ ಮೊದಲು ತಿಳಿಯಬೇಕು.

ಆಂಬಿಯೆಂಟ್ ಅಂದರೆ ಸುತ್ತಲೂ ಇರುವಂಥದ್ದು. 1970ರ ದಶಕದ ಕೊನೆಯಲ್ಲಿ ಬ್ರಯಾನ್ ಈನೋ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಎಂಬ ಆಲ್ಬಂ ತಂದರು. ಅದರಲ್ಲಿ ಬೇರೆ ಬೇರೆ ಉದ್ದದ ಟೇಪ್ ಲೂಪ್‌ಗಳು ಒಟ್ಟಿಗೆ ಓಡುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಲೂಪ್ 20 ಸೆಕೆಂಡು, ಇನ್ನೊಂದು 23 ಸೆಕೆಂಡು ಇದ್ದರೆ, ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 460 ಸೆಕೆಂಡಿನ ಮೇಲೆ. ಜೊತೆಗೆ 27 ಸೆಕೆಂಡಿನದೊಂದು ಸೇರಿಸಿದರೆ ಮೂರು ಗಂಟೆಗೂ ಹೆಚ್ಚು ಕಾಯಬೇಕು. ಇರುವುದು ಮೂರೇ ತುಣುಕು, ಆದರೆ ಅಷ್ಟು ಹೊತ್ತೂ ಸಂಗೀತ ಬದಲಾಗುತ್ತಲೇ ಇರುತ್ತದೆ. ಸ್ಟುಡಿಯೋದ ಮೊದಮೊದಲ ಅಭ್ಯಾಸಗಳಲ್ಲಿ ಇದನ್ನು ನೀವೇ ಮಾಡಬಹುದು. ಪ್ಯೂರ್ ಡೇಟಾ, ಪ್ರೊಸೆಸಿಂಗ್‌ನಂಥ ಸಾಫ್ಟ್‌ವೇರ್‌ಗಳಿಗೆ ದುಡ್ಡು ಕೊಡಬೇಕಾಗಿಲ್ಲ.

ಶಬ್ದ ಮಾತ್ರ ಅಲ್ಲ. 1990ರ ದಶಕದಲ್ಲಿ ಕಲಾವಿದೆ ನಟಾಲಿ ಜೆರೆಮಿಯೆಂಕೊ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸುಮಾರು ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರವೊಂದನ್ನು ಮೋಟರಿಗೆ ಕಟ್ಟಿ ಚಾವಣಿಯಿಂದ ಇಳಿಬಿಟ್ಟರು. ಮೋಟರಿಗೆ ಕಂಪ್ಯೂಟರ್ ನೆಟ್‌ವರ್ಕಿನ ಸಂಪರ್ಕ. ನೆಟ್‌ವರ್ಕಿನಲ್ಲಿ ಓಡಾಟ ಕಡಿಮೆ ಇದ್ದರೆ ದಾರ ಆಗೊಮ್ಮೆ ಈಗೊಮ್ಮೆ ಮಿಸುಕುತ್ತದೆ. ಹೆಚ್ಚಾದರೆ ಗಿರಗಿರ ಸುತ್ತುತ್ತದೆ. ಸ್ಕ್ರೀನ್ ಇಲ್ಲ, ನೋಟಿಫಿಕೇಶನ್ ಇಲ್ಲ. ಬೇಕಾದವರು ನೋಡಬಹುದು, ಬೇಡದವರು ತಮ್ಮ ಕೆಲಸ ಮಾಡಿಕೊಂಡಿರಬಹುದು. ನಿಮ್ಮ ಜೇಬಿನಲ್ಲಿರುವ ಫೋನು ನಿಮ್ಮನ್ನು ಹೀಗೆ ಬಿಟ್ಟಿರುತ್ತದೆಯೇ? ಒಂದು ವಸ್ತು ನಮ್ಮ ಗಮನವನ್ನು ಎಷ್ಟು ಕೇಳಬೇಕು ಅನ್ನುವುದನ್ನು ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ. ಮುಂದೆ ನೀವು ಆ್ಯಪ್ ಮಾಡಿ, ಆಸ್ಪತ್ರೆಗೆ ಯಂತ್ರ ಮಾಡಿ, ಆ ತೀರ್ಮಾನ ನಿಮ್ಮ ಕೈಗೂ ಬರುತ್ತದೆ. ಅಪ್ಪ ಅಮ್ಮನಿಗೆ ಹೇಳಲು ಇದೊಂದು ಉತ್ತರ.

ಇನ್ನೊಂದು ಉತ್ತರ ನಮಗೆ ಹತ್ತಿರದ್ದು. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ ಲಾ ಮಾಂಟೆ ಯಂಗ್ ಮತ್ತು ಮೇರಿಯನ್ ಜಜೀಲಾ ದಂಪತಿ 'ಡ್ರೀಮ್ ಹೌಸ್' ಎಂಬ ಕಲಾಕೃತಿ ಕಟ್ಟಿದರು. ನಿಲ್ಲದೆ ಮೊಳಗುವ ಸ್ವರಗಳು ಮತ್ತು ಬಣ್ಣದ ಬೆಳಕು, ಇಷ್ಟೇ ಆ ಕೋಣೆ. ಇವರಿಬ್ಬರ ಗುರು ಪಂಡಿತ್ ಪ್ರಾಣನಾಥ್, ಕಿರಾನಾ ಘರಾಣೆಯ ಗಾಯಕರು. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗ ಕಡೆಯ ಭೀಮಸೇನ ಜೋಶಿ ಅವರದೂ ಅದೇ ಘರಾಣೆ. ನಿಮ್ಮ ಅಜ್ಜ ಕೇಳುತ್ತಿದ್ದ ಹಾಡಿನ ಹಿಂದೆ ಒಂದೇ ಸಮನೆ ಮೊರೆಯುವ ತಂಬೂರಿಗೂ ನ್ಯೂಯಾರ್ಕಿನ ಆ ಕೋಣೆಗೂ ನಂಟಿದೆ. ಕಚೇರಿಯಲ್ಲಿ ತಂಬೂರಿಯ ಕಡೆಗೆ ಯಾರೂ ನೋಡುವುದಿಲ್ಲ. ಅದು ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ನಿಮ್ಮಲ್ಲಿ ಬಹಳ ಜನರಿಗೆ ಕನ್ನಡವೂ ಹಾಗೆಯೇ ಅಲ್ಲವೇ? ಅಮ್ಮ ಕನ್ನಡದಲ್ಲಿ ಕೇಳುತ್ತಾರೆ, ನೀವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಿ. ಅರ್ಥ ಆಗುತ್ತದೆ, ಆದರೆ ಅದು ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದಿನ ಜೊತೆಗೆ ಹಿನ್ನೆಲೆಯಲ್ಲಿರುತ್ತದೆ. ಹಾಸ್ಟೆಲ್ಲಿಗೆ ಹೋದ ದಿನ ಆ ಹಿನ್ನೆಲೆ ಇರುವುದಿಲ್ಲ. ಅಜ್ಜಿಯ ದನಿಯಂತೂ ಒಂದು ದಿನ ನಿಂತರೆ ಮತ್ತೆ ಸಿಗುವುದಿಲ್ಲ. ಬೈಯುವುದನ್ನು ನಿಲ್ಲಿಸಿ ಎಂದು ಬೇಸರಪಟ್ಟ ದನಿಯನ್ನೇ ಆಮೇಲೆ ಹುಡುಕುತ್ತೇವೆ.

ಹಾಗಾಗಿ ಕೋರ್ಸಿಗೆ ಸೇರುವ ಮೊದಲೇ ಒಂದು ಕೆಲಸ ಮಾಡಿ. ಈ ಭಾನುವಾರ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಅಡುಗೆಮನೆಯಲ್ಲಿ ಫೋನಿಟ್ಟು ಐದು ನಿಮಿಷ ರೆಕಾರ್ಡ್ ಮಾಡಿ. ಇದಕ್ಕೆಂದು ಯಾರೂ ಏನೂ ಮಾತಾಡುವುದು ಬೇಡ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅದರಿಂದ ಮೂರು ತುಣುಕು ಆರಿಸಿ, 20, 23, 27 ಸೆಕೆಂಡಿನ ಲೂಪ್ ಮಾಡಿ, ಒಟ್ಟಿಗೆ ಓಡಲು ಬಿಡಿ. "ಊಟಕ್ಕೆ ಬಾರೋ" ಎಂಬ ಕರೆ ಒಮ್ಮೆ ಒಗ್ಗರಣೆಯ ಚಟಪಟದ ಮೇಲೆ, ಇನ್ನೊಮ್ಮೆ ನಲ್ಲಿಯ ನೀರಿನ ಮೇಲೆ ಬಂದು ಕೂರುತ್ತದೆ.

ಆಮೇಲೆ ಅದನ್ನು ಮನೆಯವರಿಗೆ ಕೇಳಿಸಿ. "ಅದನ್ನ ಓದಿ ಏನು ಮಾಡ್ತೀಯಾ?" ಎಂಬ ಪ್ರಶ್ನೆಯ ಚರ್ಚೆಯನ್ನು ಅಲ್ಲಿಂದ ಶುರು ಮಾಡಿ. ಸಾಧ್ಯವಾದರೆ ಕನ್ನಡದಲ್ಲೇ.