ನೆಟೆಗೆ ಬಗ್ಗದ ತೊಗರಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದೀರಿ. ನಾನು ನಮ್ಮ ಹೊಲದ ತೊಗರಿಯ ಬಗ್ಗೆಯೇ ಹೇಳುತ್ತೇನೆ.

ನೆಟೆ ರೋಗ ನಮಗೆ ಹೊಸದಲ್ಲ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಬಾಡಿದ ಗಿಡಕ್ಕೆ ಔಷಧಿ ಹೊಡೆದು ಫಲವಿಲ್ಲ. ಶಿಲೀಂಧ್ರ ಮಾತ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಹಾಗಾದರೆ ದಾರಿ ಏನು? ನಾವು ಹೈದರಾಬಾದಿಗೆ ಹೋಗುವಾಗ ಸಿಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ನೆಟೆ ಬಿದ್ದ ಗಿಡಗಳನ್ನೇ ಕತ್ತರಿಸಿ ಹೊಲಕ್ಕೆ ಸೇರಿಸಿ, ಬೇಕೆಂದೇ ರೋಗದ ಮಣ್ಣು ಮಾಡಿದರು. ಅದರಲ್ಲಿ ಬೇರೆ ಬೇರೆ ಕಡೆಯ ತೊಗರಿ ಬಿತ್ತಿದರು. ಸಾಯದೆ ನಿಂತ ಗಿಡಗಳ ಬೀಜವನ್ನು ಮತ್ತೆ ಅದೇ ಮಣ್ಣಿನಲ್ಲಿ ಪರೀಕ್ಷಿಸಿದರು. ಮಹಾರಾಷ್ಟ್ರದ ಒಂದು ನಾಟಿ ತಳಿಯಿಂದ ಹೀಗೆ ಆರಿಸಿದ್ದೇ ‘ಮಾರುತಿ’. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಈ ತಳಿ ಬೀದರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ಬೇಗ ಹರಡಿತು.

ಇದೇ ಉಪಾಯ ಮೀನು ಸಾಕಣೆಯಲ್ಲೂ ಫಲ ಕೊಟ್ಟಿದೆ. ನಾರ್ವೆ, ಸ್ಕಾಟ್ಲೆಂಡ್‌ಗಳಲ್ಲಿ ಸಾಕುವ ಸಾಲ್ಮನ್ ಮೀನಿನ ಮರಿಗಳು ಒಂದು ವೈರಸ್ ರೋಗದಿಂದ ರಾಶಿರಾಶಿಯಾಗಿ ಸಾಯುತ್ತಿದ್ದವು. ಕೆಲವು ಜೋಡಿಗಳ ಮರಿಗಳು ಮಾತ್ರ ಬದುಕುತ್ತಿದ್ದವು. ಅವುಗಳ ವಂಶವಾಹಿಯಲ್ಲಿ ಗುರುತು ಪತ್ತೆಹಚ್ಚಿ, ಆ ಗುರುತಿರುವ ಮೀನುಗಳಿಂದಲೇ ಮೊಟ್ಟೆ ಪಡೆಯತೊಡಗಿದ ಮೇಲೆ ರೋಗ ಬಹಳ ಇಳಿಯಿತು.

ಆದರೆ ಒಂದು ರೋಗ ಗೆದ್ದ ತಳಿ ಎಲ್ಲ ರೋಗ ಗೆಲ್ಲುವುದಿಲ್ಲ. ಮಾರುತಿ ನೆಟೆಯನ್ನು ತಡೆದರೂ ಗೊಡ್ಡು ರೋಗಕ್ಕೆ ಸೋಲುತ್ತದೆ. ಎರಡನ್ನೂ ತಡೆಯುವ ಬಿಎಸ್‌ಎಂಆರ್-736 ಆಮೇಲೆ ಬಂತು. ಇಷ್ಟಾದರೂ 2022ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನೆಟೆ ಮತ್ತೆ ಅಪಾರ ಬೆಳೆ ಒಣಗಿಸಿತು. ಹುಡುಕಾಟ ನಿಲ್ಲಿಸುವಂತಿಲ್ಲ. ಹುಡುಕಬೇಕೆಂದರೆ ಬಗೆಬಗೆಯ ಬೀಜ ಉಳಿದಿರಬೇಕು. ಎಲ್ಲರೂ ಒಂದೇ ತಳಿ ಬಿತ್ತಿ ಉಳಿದದ್ದನ್ನು ಕಳೆದುಕೊಂಡರೆ ನಾಳೆಯ ‘ಮಾರುತಿ’ ಎಲ್ಲಿಂದ ಬರಬೇಕು?

ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಮನೆಯಲ್ಲಿ ಹಳೆಯ ನಾಟಿ ತೊಗರಿ ಇದ್ದರೆ ಹೊಲದ ಒಂದು ಮೂಲೆಯಲ್ಲಾದರೂ ಬಿತ್ತಿ ಉಳಿಸಿ. ಮಕ್ಕಳೇ, ಸುತ್ತಲಿನ ಗಿಡಗಳೆಲ್ಲ ಒಣಗಿ ಒಂದು ಮಾತ್ರ ಹಸಿರಾಗಿ ನಿಂತಿದ್ದರೆ ಅದಕ್ಕೊಂದು ದಾರ ಕಟ್ಟಿ, ಬೀದರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ.