ಮೈಮರೆತ ದುಡಿಮೆ

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉಪನ್ಯಾಸದ ವಿಷಯ ಯಾವುದೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ‘ದಣಿವು’ ಎಂದೆ. ಸಾಹಿತ್ಯ, ಸಂಸ್ಕೃತಿಗಳ ವೇದಿಕೆಯಲ್ಲಿ ದಣಿವಿನ ಮಾತೇಕೆ ಎಂಬ ಅನುಮಾನ ಅವರ ಮುಖದಲ್ಲಿ ಕಾಣಿಸಿಕೊಂಡಿತು. ಆದರೆ ಹೊರನಾಡ ಕನ್ನಡಿಗನೆಂದರೆ ಮೊದಲು ಉದ್ಯೋಗಸ್ಥ, ಉಳಿದುದೆಲ್ಲ ಅನಂತರ. 1956ಕ್ಕೆ ಮುನ್ನ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಈ ಹೈದರಾಬಾದ್ ನಗರವೇ ರಾಜಧಾನಿಯಾಗಿದ್ದಾಗ ಇಲ್ಲಿನ ಕಚೇರಿಗಳಿಗೆ ಬಂದವರು, ಆಮೇಲೆ ಬಿ.ಎಚ್.ಇ.ಎಲ್., ಇ.ಸಿ.ಐ.ಎಲ್.ನಂತಹ ಸಾರ್ವಜನಿಕ ಉದ್ಯಮಗಳಿಗೆ ಬಂದವರು, 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಮಾಧಾಪುರದ ಕಡೆಗೆ ಬಂದವರು, ಇವರೆಲ್ಲರ ಮನೆಯವರೂ ಇಲ್ಲಿ ಕುಳಿತಿದ್ದಾರೆ. ದುಡಿಮೆ ನಮ್ಮನ್ನು ಇಲ್ಲಿಗೆ ತಂದಿತು. ಅದು ನಮ್ಮ ಮೈಗೆ ಏನು ಮಾಡಿತು ಎಂಬುದೂ ಸಂಸ್ಕೃತಿಯ ಪ್ರಶ್ನೆಯೇ.

ನಾನು ಹೇಳುತ್ತಿರುವುದು ಒಂದು ರಾತ್ರಿಯ ನಿದ್ರೆಯಿಂದ ಕಳೆಯುವ ದಣಿವಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ತನ್ನ ಜೊತೆಗಾರರಲ್ಲಿ, ಅವರಲ್ಲೂ ಅತಿ ಹೆಚ್ಚು ನಿಷ್ಠೆಯಿದ್ದವರಲ್ಲಿ, ಒಂದು ಬಗೆಯ ಬರಿದಾಗುವಿಕೆಯನ್ನು ಕಂಡು 1974ರಲ್ಲಿ ಅದನ್ನು ‘ಬರ್ನ್‌ಔಟ್’ ಎಂಬ ಹೆಸರಿನಿಂದ ವಿವರಿಸಿದ. ಎಣ್ಣೆ ತೀರಿದ ಮೇಲೂ ದೀಪ ಕೊಂಚ ಹೊತ್ತು ಉರಿಯುತ್ತದೆ. ಆಗ ಉರಿಯುವುದು ಬತ್ತಿ. ಅದಕ್ಕಾಗಿ ನಾನು ಇದನ್ನು ‘ಕರಟು ದಣಿವು’ ಎನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಮಾಡುವ ಕೆಲಸ ಸರಿಯಾಗಿ ಆಗುತ್ತಿಲ್ಲವೆನ್ನಿಸುವುದು. ಗಮನಿಸಬೇಕಾದ ಅಂಶವೆಂದರೆ ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆಯಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು. ಎಂದರೆ ಇದರ ಬೇರು ಮನುಷ್ಯನ ದೌರ್ಬಲ್ಯದಲ್ಲಿಲ್ಲ, ಕೆಲಸದ ಜಾಗದಲ್ಲಿದೆ.

ನಮ್ಮ ಭಾಷೆ ಈ ವಿಷಯದಲ್ಲಿ ಏನೆನ್ನುತ್ತದೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಕನ್ನಡ ಮನಸ್ಸಿನ ಮಾತನ್ನೂ ಮೈಯ ಮೂಲಕವೇ ಆಡುತ್ತದೆ: ತಲೆಬಿಸಿ, ಹೊಟ್ಟೆಯುರಿ, ಎದೆಭಾರ, ಕೈಸೋಲು. ಮಾನಸಿಕ ಸಂಕಟವನ್ನು ನಮ್ಮ ಜನ ವೈದ್ಯರ ಬಳಿ ಬೆನ್ನುನೋವೆಂದೋ ಸುಸ್ತೆಂದೋ ಹೇಳಿಕೊಳ್ಳುವುದನ್ನು ಒಂದು ಕಾಲದಲ್ಲಿ ತಿಳಿವಳಿಕೆಯ ಕೊರತೆಯೆಂದು ಎಣಿಸುತ್ತಿದ್ದರು. ನನಗೆ ಅದರಲ್ಲಿ ತಿಳಿವಳಿಕೆಯೇ ಕಾಣುತ್ತದೆ. ಆದರೆ ದುಡಿಮೆಯ ಮಾತು ಬಂದೊಡನೆ ಇದೇ ಭಾಷೆ ಯಜಮಾನನ ಪಕ್ಷ ಹಿಡಿಯುತ್ತದೆ. ಮೈಮರೆತು ದುಡಿದವನಿಗೆ, ಮೈಮುರಿದು ದುಡಿದವನಿಗೆ ಹೊಗಳಿಕೆ. ಮೈಯನ್ನು ಕೊಂಚ ಉಳಿಸಿಕೊಂಡವನು ‘ಮೈಗಳ್ಳ’. ತನ್ನದೇ ಮೈಯನ್ನು ತಾನು ಇಟ್ಟುಕೊಂಡರೆ ಅದು ಕಳ್ಳತನ ಹೇಗಾದೀತು? ಆ ಮೈ ಇನ್ನೊಬ್ಬನ ಸೊತ್ತೆಂದು ಮೊದಲೇ ಒಪ್ಪಿದ್ದರೆ ಮಾತ್ರ ಆ ಪದಕ್ಕೆ ಅರ್ಥ. ಇದಕ್ಕೆ ಎದುರಾಗಿ, ನೌಕರನ ಮೈಯನ್ನು ಕದಿಯುವ ಕಚೇರಿಗೆ ನಮ್ಮಲ್ಲಿ ಬೈಗುಳವಿಲ್ಲ.

ಕಲಬುರಗಿ, ಬೀದರ ಕಡೆಯ ಕನ್ನಡ ಮಾತ್ರ ಈ ವಿಷಯದಲ್ಲಿ ಉದಾರವಾಗಿದೆ. “ಆರಾಮ ಇದ್ದೀರೇನ್ರಿ?” ಎನ್ನುವುದು ಅಲ್ಲಿನ ಕುಶಲಪ್ರಶ್ನೆ. “ಆರಾಮಿಲ್ಲ” ಎಂದರೆ ಕಾಯಿಲೆ. ಫಾರಸಿಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ವಿಶ್ರಾಂತಿ, ನೆಮ್ಮದಿ ಎಂಬ ಅರ್ಥ. ಈ ಊರಿನ ದಖನಿಯಲ್ಲೂ ಆ ಪದ ದಿನವಿಡೀ ಕಿವಿಗೆ ಬೀಳುತ್ತದೆ. ವಿಶ್ರಾಂತಿಗೂ ಆರೋಗ್ಯಕ್ಕೂ ಒಂದೇ ಮಾತು ಸಾಕೆಂದು ತೀರ್ಮಾನಿಸಿದ ಜನ ಬುದ್ಧಿವಂತರು. ಹಳೆ ಮೈಸೂರಿನವನಾದ ನನಗೆ ಅದು ಇಲ್ಲಿಗೆ ಬಂದ ಮೇಲೆ ದಕ್ಕಿತು.

ಇನ್ನು ಮೈಯೊಳಗೆ ನಡೆಯುವುದೇನು? ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿ ಕಡತಗಳ ನಡುವೆ ಬೆಳೆದವನು. ಓದಿ ತಿಳಿದುದನ್ನಷ್ಟೇ ಹೇಳುತ್ತೇನೆ. ಅಪಾಯ ಎದುರಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಸ್ರಾವಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ಗಿಡ್ಡವಾಗುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹುಲಿ ಬಂದು ಹೋಗುವುದಾದರೆ ಈ ಏರ್ಪಾಡು ಸರಿಯಾದದ್ದೇ. ಆದರೆ ಮೊಬೈಲಿನಲ್ಲಿ ಬರುವ ಹುಲಿ ಹೋಗುವುದಿಲ್ಲ. ಹಿಂದೆ ಕಾರ್ಖಾನೆಯಲ್ಲಿ ಪಾಳಿ ಮುಗಿದಾಗ ಸೈರನ್ ಕೂಗುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಬರುವ ಸಂದೇಶಕ್ಕೆ ಸೈರನ್ ಇಲ್ಲ. ತಿಂಗಳುಗಟ್ಟಲೆ ಬಿಗಿದುಕೊಂಡೇ ಇರುವ ಮೈ ಮೊದಲು ನಿದ್ರೆಯನ್ನು, ಆಮೇಲೆ ಹಸಿವಿನ ನಿಯಮವನ್ನು ಕಳೆದುಕೊಳ್ಳುತ್ತದೆ. ಕೊನೆಗೆ, ತಾನು ಬಿಗಿದುಕೊಂಡಿದ್ದೇನೆ ಎಂಬ ಅರಿವನ್ನೇ ಕಳೆದುಕೊಳ್ಳುತ್ತದೆ. ಈ ಕೊನೆಯದೇ ಅತ್ಯಂತ ಅಪಾಯಕರವೆಂದು ನನ್ನ ಅಭಿಪ್ರಾಯ.

ಈ ನಗರದ್ದೇ ಲೆಕ್ಕ ಬೇಕಾದರೆ ಅದೂ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರೂ ಎ.ಐ.ಜಿ. ಆಸ್ಪತ್ರೆಯ ವೈದ್ಯರೂ ಸೇರಿ ಇಲ್ಲಿನ 345 ಮಾಹಿತಿ ತಂತ್ರಜ್ಞಾನ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 84 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಾಗಿತ್ತು. ಶೇಕಡಾ 71 ಮಂದಿ ಸ್ಥೂಲಕಾಯರು. ಇವರು ತಿಂದು ಮಲಗಿದ ಸೋಮಾರಿಗಳಲ್ಲ. ಕುರ್ಚಿಯಲ್ಲಿ ಕುಳಿತು, ನಿದ್ರೆಗೆಟ್ಟು, ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ಕೊಟ್ಟವರು. ನಮ್ಮ ಹಿರಿಯರಲ್ಲಿ ಮೈಬಗ್ಗಿಸಿ ದುಡಿದವರ ಮೈ ಸವೆಯುತ್ತಿತ್ತು. ಇವರ ಮೈ ಕೆಲಸವಿಲ್ಲದೆಯೇ ದಣಿದಿದೆ.

ಸರ್ಕಾರಿ ನೌಕರರಾದ ನಮಗೆ ಇಂಗ್ಲೆಂಡಿನ ಇನ್ನೊಂದು ಅಧ್ಯಯನ ಹೆಚ್ಚು ಹತ್ತಿರದ್ದು. ಲಂಡನ್ನಿನ ವೈಟ್‌ಹಾಲ್ ಕಚೇರಿಗಳ ನೌಕರರ ಆರೋಗ್ಯವನ್ನು 1967ರಿಂದ ಅಭ್ಯಾಸ ಮಾಡಿದರು. ಮೇಲಧಿಕಾರಿಗೆ ಹೊಣೆ ಹೆಚ್ಚು, ಆದ್ದರಿಂದ ಹೃದಯಾಘಾತವೂ ಹೆಚ್ಚು ಎಂಬುದು ಎಲ್ಲರ ನಂಬಿಕೆಯಾಗಿತ್ತು. ಕಂಡುಬಂದದ್ದು ಅದಕ್ಕೆ ವಿರುದ್ಧ. ಅತಿ ಕೆಳದರ್ಜೆಯವರಲ್ಲಿ ಹೃದ್ರೋಗದ ಸಾವು ಅತಿ ಮೇಲ್ದರ್ಜೆಯವರಿಗಿಂತ ಮೂರು ಪಟ್ಟಿಗೂ ಮೀರಿತ್ತು. ಧೂಮಪಾನ, ರಕ್ತದೊತ್ತಡಗಳು ಇದರಲ್ಲಿ ಒಂದು ಭಾಗವನ್ನು ಮಾತ್ರ ವಿವರಿಸಿದವು. 1985ರಲ್ಲಿ ಮೈಕೇಲ್ ಮಾರ್ಮಟ್ ನೇತೃತ್ವದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ಮೇಲೆ ಆರಂಭವಾದ ಎರಡನೆಯ ಅಧ್ಯಯನ ಒಂದು ಮುಖ್ಯ ಕಾರಣವನ್ನು ಎತ್ತಿ ತೋರಿಸಿತು: ತಾನು ಮಾಡುವ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು. ಯಾವ ಕೆಲಸ, ಯಾವಾಗ, ಎಷ್ಟು ಎಂಬುದನ್ನು ಬೇರೆಯವರು ನಿರ್ಧರಿಸುವಾಗ ಮೈ ಆ ಅವಮಾನದ ಲೆಕ್ಕವನ್ನು ಇಟ್ಟುಕೊಳ್ಳುತ್ತದೆ. ನಮ್ಮ ಕಚೇರಿಯ ಕೆಳದರ್ಜೆ ಗುಮಾಸ್ತ ಆಗಾಗ ರಜೆ ಹಾಕಿದರೆ ಅದನ್ನು ಈ ಬೆಳಕಿನಲ್ಲೂ ನೋಡಬೇಕು.

ಪರಿಚಿತ ಅಧಿಕಾರಿಯೊಬ್ಬರ ಸಂಗತಿ ಹೇಳುತ್ತೇನೆ. ಹೆಸರಾಗಲಿ ಇಲಾಖೆಯಾಗಲಿ ಬೇಡ. ಅವರಿಗೆ ಎರಡು ವರ್ಷ ಇಬ್ಬರ ಹೊಣೆ ಇತ್ತು. ದವಡೆಯ ನೋವೆಂದು ದಂತವೈದ್ಯರ ಬಳಿ ಹೋದರು. ಹಲ್ಲು ಹುಳುಕಾಗಿರಲಿಲ್ಲ, ಸವೆದಿತ್ತು. ರಾತ್ರಿ ಹಲ್ಲು ಕಡಿಯುತ್ತೀರಾ ಎಂದು ವೈದ್ಯರು ಕೇಳಿದರು. ಇವರಿಗೆ ಗೊತ್ತಿರಲಿಲ್ಲ, ಹೆಂಡತಿಗೆ ಗೊತ್ತಿತ್ತು. ವೈದ್ಯರು ಒಂದು ಚಿಕ್ಕ ಅಭ್ಯಾಸ ಹೇಳಿಕೊಟ್ಟರು. ಹಗಲಿನಲ್ಲಿ ಫೋನು ಬಡಿದಾಗಲೆಲ್ಲ ಎತ್ತುವ ಮುನ್ನ ದವಡೆ ಹೇಗಿದೆ ಎಂದು ನೋಡಿಕೊಳ್ಳುವುದು, ಬಿಗಿದಿದ್ದರೆ ಸಡಿಲಿಸಿ ಒಂದು ಉದ್ದನೆಯ ಉಸಿರು ಬಿಡುವುದು. ಬಿಡುವ ಉಸಿರು ಉದ್ದವಾದಾಗ ವೇಗಸ್ ಎಂಬ ನರದ ಮೂಲಕ ಎದೆಬಡಿತ ನಿಧಾನವಾಗುತ್ತದೆ. ಇದು ನಂಬಿಕೆಯ ಮಾತಲ್ಲ, ಶರೀರಶಾಸ್ತ್ರ. ಆಮೇಲೆ ಅವರು ಸಂಜೆ ಫೋನನ್ನು ಮನೆಯಲ್ಲಿಟ್ಟು ಇಂದಿರಾ ಪಾರ್ಕಿನಲ್ಲಿ ನಡೆಯತೊಡಗಿದರು. ವೇಗವಾಗಿ ಅಲ್ಲ, ಹೆಜ್ಜೆ ನೆಲಕ್ಕೆ ತಾಗುವುದು ತಿಳಿಯುವಷ್ಟು ನಿಧಾನವಾಗಿ.

ಮೊದಲ ವಾರ ಶಾಂತಿ ಸಿಗಲಿಲ್ಲವಂತೆ. ಸಿಟ್ಟು ಬಂತು. ಎರಡನೆಯ ವಾರ ಕಾರಣವಿಲ್ಲದೆ ಕಣ್ಣು ತುಂಬಿದವು. ಮರಗಟ್ಟಿದ ಕಾಲಿಗೆ ರಕ್ತ ಮರಳುವಾಗ ಜುಮುಜುಮು ನೋವಾಗುವುದಿಲ್ಲವೆ, ಹಾಗೆ. ಮೈಗೆ ಮರಳುವುದೆಂದರೆ ಹಿತವಾದ ಸುಖವೆಂದು ಹೇಳುವ ಪುಸ್ತಕಗಳು ಈ ಹಂತವನ್ನು ಬಿಟ್ಟುಬಿಡುತ್ತವೆ. ಆದ್ದರಿಂದಲೇ ಬಹಳ ಮಂದಿ ಇಲ್ಲಿಂದ ಹಿಂದಿರುಗುತ್ತಾರೆ. ಇವರು ಹಿಂದಿರುಗಲಿಲ್ಲ. ಮೂರನೆಯ ತಿಂಗಳಿಗೆ, ಎರಡು ಹೊಣೆಗಳನ್ನು ಬೇರ್ಪಡಿಸಬೇಕೆಂದು ಕಡತದಲ್ಲೇ ಬರೆದರು. ಒಂದು ಹೊಣೆ ತಡವಾಗಿಯಾದರೂ ಬೇರೆಯವರಿಗೆ ಹೋಯಿತು. ದಣಿದಿದ್ದೇನೆಂದು ಮೈಯಲ್ಲಿ ತಿಳಿದ ಮೇಲಷ್ಟೇ ‘ಸಾಕು’ ಎಂಬ ಮಾತು ಅವರ ಲೇಖನಿಗೆ ಬಂತು. ನಾನು ಇಂದು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇಷ್ಟೆ.

ಶರಣರ ‘ಕಾಯಕ’ ಎಂಬ ಪದವನ್ನು ನಾವು ಕಚೇರಿಯ ಗೋಡೆಗೆ, ಗಡಿಯಾರದ ಕೆಳಗೆ, ತೂಗುಹಾಕಿದ್ದೇವೆ. ಹೆಚ್ಚು ದುಡಿಸಲು ಅದು ಒಳ್ಳೆಯ ಫಲಕ. ಆ ಪದದೊಳಗೆ ಕಾಯವಿದೆ ಎಂಬುದು ಫಲಕ ಬರೆಸಿದವರಿಗೆ ನೆನಪಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ತಿಳಿದದ್ದೇ. ಅದನ್ನು ಆಸೆಯ ನಿಗ್ರಹದ ಕಥೆಯೆಂದೇ ಓದುತ್ತೇವೆ. ಅದು ದಿನದ ದುಡಿಮೆಗೆ ಒಂದು ಎಲ್ಲೆ ಇದೆಯೆಂದು ಹೇಳುವ ಕಥೆಯೂ ಹೌದು. ಎಲ್ಲೆ ಹಾಕಿದವಳು ಮನೆಯಲ್ಲಿ ಅಕ್ಕಿಯ ಅಳತೆ ಬಲ್ಲ ಹೆಂಗಸು ಎಂಬುದನ್ನೂ ಮರೆಯಬಾರದು.

ಯೋಗವಿದೆಯಲ್ಲ ಎಂದು ನೀವು ಕೇಳಬಹುದು. ಖಂಡಿತ ಇದೆ, ಅದರ ಆಧುನಿಕ ಚರಿತ್ರೆಯಲ್ಲಿ ಕನ್ನಡ ನೆಲಕ್ಕೆ ದೊಡ್ಡ ಪಾಲೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಗಳಿಂದ ಸೊರಗಿ, 1934ರಲ್ಲಿ ಮೈಸೂರಿಗೆ ಟಿ. ಕೃಷ್ಣಮಾಚಾರ್ಯರ ಬಳಿ ಬಂದವರು. ಆದರೆ ಇಂದು ಆಸನವೂ ಒಂದು ಗುರಿಯಾಗಿ, ಸಾಧನೆಯ ಪಟ್ಟಿಯಲ್ಲಿ ಸೇರಿದೆ. ಜೂನ್ 21ರಂದು ಕಚೇರಿಗಳಲ್ಲಿ ಚಾಪೆ ಹಾಸಿ ಫೋಟೋ ತೆಗೆದು ಮೇಲಕ್ಕೆ ಕಳಿಸುವುದನ್ನು ಕಂಡಿದ್ದೇನೆ. ಅಂದು ಸಂಜೆ ಎಲ್ಲರೂ ಎಂದಿಗಿಂತ ತಡವಾಗಿ ಮನೆಗೆ ಹೋಗುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಕಚೇರಿಯಲ್ಲೇ ಮಾಡಬಹುದಾದ ಐದು ನಿಮಿಷದ ಯೋಗದ ‘ವೈ-ಬ್ರೇಕ್’ ಆ್ಯಪನ್ನು ತಂದಿತು. ಒಳ್ಳೆಯದೇ, ನಾನೂ ಮಾಡಿದ್ದೇನೆ. ಉಳಿದ ಏಳೆಂಟು ಗಂಟೆಗಳ ಬಗ್ಗೆ ಮಾತ್ರ ಅದು ಮೌನವಾಗಿದೆ.

ಆ ಗಂಟೆಗಳ ಬಗ್ಗೆ ಮಾತನಾಡುವವರು ಬೇರೆಯವರು. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಕರ್ನಾಟಕದ ಐ.ಟಿ. ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು ನೌಕರರ ಸಂಘ ಬೀದಿಗಿಳಿಯಿತು. ತೆಲಂಗಾಣ ಸರ್ಕಾರ 2025ರ ಜುಲೈನಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ದಿನಕ್ಕೆ 10 ಗಂಟೆಯ ಅನುಮತಿ ನೀಡಿತು, ವಾರಕ್ಕೆ 48ರ ಮಿತಿಯೊಡನೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಯಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7,45,000 ಜನ ಪಾರ್ಶ್ವವಾಯು, ಹೃದ್ರೋಗಗಳಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜು ಮಾಡಿವೆ. 70 ಗಂಟೆಯ ಉಪದೇಶ ಕೇಳುವಾಗ ಈ ಸಂಖ್ಯೆ ಪಕ್ಕದಲ್ಲಿರಲಿ. ಉಸಿರಾಟದ ಅಭ್ಯಾಸ ನೌಕರನನ್ನು ಇನ್ನಷ್ಟು ಹಿಂಡಲು ಸಿದ್ಧಗೊಳಿಸುವ ಉಪಾಯವಾಗಬಾರದು. ತನ್ನ ಮೈಯ ಮಾತು ಕೇಳಿಸಿಕೊಂಡವನು ಸಂಘಕ್ಕೂ ಸೇರಬೇಕು, ಅರ್ಜಿಯನ್ನೂ ಬರೆಯಬೇಕು.

ನಮ್ಮ ಸಂಘದಿಂದ ಆಗಬಹುದಾದದ್ದೂ ಇದೆ. ರಾಜ್ಯೋತ್ಸವಕ್ಕೆ ಊರಿನಿಂದ ಡೊಳ್ಳಿನ ತಂಡ ಕರೆಸಿ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇವೆ. ಆ ತಂಡವನ್ನು ಎರಡು ದಿನ ಉಳಿಸಿಕೊಂಡು ನಾವೇ ಡೊಳ್ಳು ಹೊತ್ತು ಕುಣಿಯಲು ಕಲಿತರೇನು? ಐವತ್ತು ದಾಟಿದವರಿಗೆ ಚಿಕ್ಕ ಡೊಳ್ಳು ಸಿಕ್ಕೀತು. ನಿದ್ರೆ ಕೆಟ್ಟು, ಬದುಕೇ ಬೇಡವೆನ್ನಿಸುವ ಹಂತ ತಲುಪಿದವರಿಗೆ ಡೊಳ್ಳೂ ಸಾಲದು, ಪಾರ್ಕೂ ಸಾಲದು. ಅವರು ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಸಂಘದ ಸೂಚನಾಫಲಕದಲ್ಲಿ ಅದನ್ನು ಬರೆದಿಡಬೇಕೆಂದು ಕಾರ್ಯದರ್ಶಿಗಳನ್ನು ಕೋರುತ್ತೇನೆ.

ಮುಕ್ಕಾಲು ಗಂಟೆ ನಿಮ್ಮನ್ನು ಕೂರಿಸಿಬಿಟ್ಟೆ. ಪ್ರಶ್ನೆಗಳಿದ್ದರೆ ಎಲ್ಲರೂ ಎದ್ದು, ಹೊರಗಿನ ಜಗಲಿಯಲ್ಲಿ ನಿಂತುಕೊಂಡು ಮಾತನಾಡೋಣ. ಚಹವೂ ಅಲ್ಲೇ ಇದೆ.