ಬಣ್ಣದ ಹೆಸರು ಎಲ್ಲಿಂದ ಬಂತು?



ನಾನು ಸಾಫ್ಟ್‌ವೇರ್ ಕೆಲಸದವ. ಕಂಪ್ಯೂಟರಿಗೆ ಬಣ್ಣವೆಂದರೆ 0ರಿಂದ 255ರೊಳಗಿನ ಮೂರು ಅಂಕಿ; ಹೀಗೆ ಒಟ್ಟು 1,67,77,216 ಬಣ್ಣ. ಅಷ್ಟಕ್ಕೆಲ್ಲ ಹೆಸರಿಡಲು ಯಾವ ಭಾಷೆಗೂ ಆಗದು.

ಕಪ್ಪು, ಬಿಳಿ, ಕೆಂಪು, ಹಸಿರು ನಮ್ಮ ಹಳೆಯ ದ್ರಾವಿಡ ಮಾತುಗಳು. ಹಸಿರು ಹಳಗನ್ನಡದಲ್ಲಿ ಪಸುರ್. ಹಸಿ ಕಟ್ಟಿಗೆ, ಹಸಿ ಕಾಯಿ ಎನ್ನುವ ‘ಹಸಿ’ಯ ಬಳಗ. ಸವಣೂರಿನ ವೀಳ್ಯದೆಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದ ಹೆಸರುಗಳನ್ನು ವಸ್ತುಗಳಿಂದ ಕಡ ತಂದೆವು. ನೇರಳೆ, ಕಿತ್ತಳೆ ಹಣ್ಣಿನಿಂದ. ಬೂದು ಒಲೆಯ ಬೂದಿಯಿಂದ. ಹಳದಿ ಎಂದರೆ ಉತ್ತರದ ಭಾಷೆಗಳಲ್ಲಿ ಅರಿಶಿನವೇ. ಗುಲಾಬಿ, ಖಾಕಿ ಪಾರಸಿಯವು. ಖಾಕ್ ಎಂದರೆ ಮಣ್ಣು, ಧೂಳು. ನಮ್ಮ ಖಾಕಿ ಚಡ್ಡಿಗಳು ಸಂಜೆ ಹೆಸರಿಗೆ ತಕ್ಕಂತೆಯೇ ಮನೆ ಸೇರುತ್ತಿದ್ದವು!

ಇಂಗ್ಲಿಷಿನ ‘ಇಂಡಿಗೊ’ ಮೂಲದಲ್ಲಿ ಗ್ರೀಕ್ ಮಾತು. ಅರ್ಥ, ಭಾರತದ್ದು. ಅದು ನಮ್ಮ ನೀಲಿ ಗಿಡದ ಬಣ್ಣ. ವೆಬ್ ಪುಟ ಬರೆಯುವಾಗ ‘ಇಂಡಿಗೊ’, ‘ಖಾಕಿ’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಸಾಕು, ಪರದೆ ಆ ಬಣ್ಣ ತಾಳುತ್ತದೆ. ನಮ್ಮ ಎರೆ, ಮಸಾರಿ ಆ ಪಟ್ಟಿಯಲ್ಲಿಲ್ಲ. ಆದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ರೈತನೂ ಆ ಎರಡು ಮಣ್ಣುಗಳನ್ನು ಒಂದೇ ಎನ್ನಲಾರ.

ಬೆಂಗಳೂರಿನಲ್ಲಿ ಬೆಳೆದ ನನ್ನ ಮಗಳು ನೇರಳೆಗೆ ‘ಪರ್ಪಲ್ ಹಣ್ಣು’ ಎನ್ನುತ್ತಾಳೆ. ಬಣ್ಣ ಗೊತ್ತು, ಮರ ಗೊತ್ತಿಲ್ಲ. ಮುಂದಿನ ಹಂಗಾಮಿಗೆ ಅವಳನ್ನು ಇಲ್ಲಿಗೇ ಕರೆತರುವೆ. ನಾಲಿಗೆ ಬಣ್ಣವಾಗುವಷ್ಟು ತಿನ್ನಲಿ.